ಒಂದು ಮೂರಾದ ವಾರ

ಇದು ಜಪಾನಿಗೆ ಧರ್ಮಪ್ರಚಾರಕ್ಕೆ ಬಂದಿದ್ದ ಒಬ್ಬ ಮಾರ್ಮನ್ ಹುಡುಗನ ಒಂದು ವಾರದ ಕತೆ. ಒಂದು ಭಾನುವಾರ ರಾತ್ರಿ ಶುರುವಾಗಿ ಮುಂದಿನ ಭಾನುವಾರ ರಾತ್ರಿಗೆ ಮುಗಿಯುತ್ತದೆ. ಆಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಸೇವೆ ಮುಗಿಸಿ ಊರಿಗೆ ಹೋದವನು ಆಮೇಲೆ ಓದುವುದಕ್ಕೆ ಅಂತ ಮತ್ತೆ ಜಪಾನಿಗೇ ಬಂದ. ಹೊರದೇಶದ ವಿದ್ಯಾರ್ಥಿಗಳ ಕಷ್ಟಸುಖ ಕೇಳುವುದು ಇಲ್ಲಿ ನನ್ನ ಕೆಲಸ. ಹಾಗೆ ಪರಿಚಯವಾಯಿತು.

ಆ ವಾರದ ಡೈರಿಯನ್ನು ಅವನು ನನಗೆ ಓದಲು ಕೊಟ್ಟ. ಅವನ ಜೊತೆಗಾರನ ಹತ್ತಿರವೂ ಮಾತಾಡಿದೆ. ಇಬ್ಬರೂ ಬರೆಯಲು ಒಪ್ಪಿದ್ದಾರೆ. ಊರು, ವರ್ಷ, ಮನೆಯವರ ವಿವರ ಮರೆಮಾಡಿದ್ದೇನೆ, ಕೆಲವನ್ನು ಬೇಕೆಂದೇ ಬದಲಿಸಿದ್ದೇನೆ. ಇಬ್ಬರ ಮಾತು ಹೊಂದದ ಒಂದು ಜಾಗವಿದೆ. ಅದನ್ನು ಸರಿಮಾಡಲು ಹೋಗಿಲ್ಲ.

ಕನ್ನಡದಲ್ಲಿ ಯಾಕೆ ಬರೆಯಬೇಕು ಅಂದರೆ, ಮನೆ ಮನೆ ಅಲೆಯುವ ಕೆಲಸಕ್ಕೆ ಹುಡುಗರನ್ನು ಕಳಿಸುವವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಸರ್ವೆಗೆ, ಪಾಲಿಸಿ ಮಾರುವುದಕ್ಕೆ, ದೇಣಿಗೆ ಎತ್ತುವುದಕ್ಕೆ. ಸಂಜೆ ಲೆಕ್ಕ ಕೇಳುವವರೂ ಇದ್ದಾರೆ. ಧರ್ಮವನ್ನು ಪಕ್ಕಕ್ಕಿಟ್ಟು ನೋಡಿದರೆ ಕೆಲಸ ಒಂದೇ ತರಹದ್ದು.

ಹಿನ್ನೆಲೆ

ಮಾರ್ಮನ್ ಅನ್ನುವುದು ಹೊರಗಿನವರು ಇಟ್ಟ ಹೆಸರು. ಆ ಹೆಸರು ಬೇಡ, ನಮ್ಮ ಪೂರ್ತಿ ಹೆಸರಿನಿಂದಲೇ ಕರೆಯಿರಿ ಅಂತ 2018ರಲ್ಲಿ ಅವರ ಅಧ್ಯಕ್ಷರು ಕೇಳಿಕೊಂಡರು. ಪೂರ್ತಿ ಹೆಸರು 'ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ' ಅಂತ. ಓದುವವರಿಗೆ ಗುರುತು ಸಿಗಲಿ ಅಂತ ಮಾತ್ರ ಹಳೇ ಹೆಸರು ಬಳಸಿದ್ದೇನೆ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರುಮಾಡಿದ ಪಂಥ ಇದು. ಮುಖ್ಯ ಕಚೇರಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಬೆಂಗಳೂರಿನವರಿಗೆ ಇವರು ತೀರಾ ಅಪರಿಚಿತರಲ್ಲ. 1993ರಿಂದ ಅಲ್ಲಿ ಇವರ ಮಿಷನ್, ಅಂದರೆ ಧರ್ಮಪ್ರಚಾರದ ವಿಭಾಗ, ಇದೆ. 2018ರಲ್ಲಿ ಅಲ್ಲೊಂದು ದೇವಾಲಯ ಕಟ್ಟುವುದಾಗಿಯೂ ಘೋಷಿಸಿದರು. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಬ್ಯಾಡ್ಜ್, ಯಾವಾಗಲೂ ಇಬ್ಬಿಬ್ಬರು. ಎಲ್ಲಾದರೂ ಬಸ್‌ಸ್ಟಾಪಿನಲ್ಲಿ ನೋಡಿರಬಹುದು.

ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷದ ಸೇವೆ. ಹುಡುಗರು 18ಕ್ಕೇ ಹೊರಡಬಹುದು. 2012ಕ್ಕೆ ಮೊದಲು ಅದು 19 ಆಗಿತ್ತು. ಈಗ ಜಗತ್ತಿನಾದ್ಯಂತ 70 ಸಾವಿರಕ್ಕಿಂತ ಜಾಸ್ತಿ ಜನ ಹೀಗೆ ಹೊರಟಿದ್ದಾರೆ. ಎಲ್ಲಿಗೆ ಹೋಗಬೇಕು ಅನ್ನುವುದು ಅವರ ಕೈಯಲ್ಲಿಲ್ಲ. ಪತ್ರ ಬರುತ್ತದೆ, ಅದರಲ್ಲಿ ದೇಶದ ಹೆಸರು ಇರುತ್ತದೆ. ಸಂಬಳ ಇಲ್ಲ, ಖರ್ಚಿಗೆ ಹುಡುಗನೋ ಮನೆಯವರೋ ಕೂಡಿಟ್ಟ ದುಡ್ಡು. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಕಾಫಿ, ಟೀ, ಹೆಂಡ, ಸಿಗರೇಟು ಯಾವುದೂ ಇಲ್ಲ. ಹುಡುಗರನ್ನು 'ಎಲ್ಡರ್' ಅಂತ ಕರೆಯುತ್ತಾರೆ. ಜಪಾನಿ ಭಾಷೆಯಲ್ಲಿ ಅದು 'ಚೋರೋ', ನಮ್ಮ ಮಾತಲ್ಲಿ ಊರ ಹಿರೀಕ. ಮೀಸೆ ಸರಿಯಾಗಿ ಮೂಡದ ಹುಡುಗನನ್ನು ಹಿರೀಕರೇ ಅಂತ ಕರೆದರೆ ಅಂಗಡಿಯವರು ಒಂದು ಸಲ ತಿರುಗಿ ನೋಡುತ್ತಾರೆ.

ಎಲ್ಲಕ್ಕಿಂತ ಬಿಗಿಯಾದ ನಿಯಮ ಜೊತೆಗಾರನದ್ದು. ಇಬ್ಬರೂ ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲೇ ಇರಬೇಕು. ಬಚ್ಚಲು, ಕಕ್ಕಸು ಬಿಟ್ಟರೆ ಒಂಟಿಯಾಗಿರಲು ಜಾಗವಿಲ್ಲ. ಜೊತೆಗಾರನನ್ನು ಮಿಷನ್ ಅಧ್ಯಕ್ಷರು ಆರಿಸುತ್ತಾರೆ. ಸುಮಾರು ಆರು ವಾರಕ್ಕೊಮ್ಮೆ ಜೋಡಿ ಬದಲಾಗಬಹುದು, ಊರೂ ಬದಲಾಗಬಹುದು.

ಜಪಾನ್ ಇವರಿಗೆ ಯಾವತ್ತೂ ಸುಲಭದ ನೆಲ ಆಗಿರಲಿಲ್ಲ. ಹೀಬರ್ ಜೆ. ಗ್ರಾಂಟ್ ಎಂಬುವರು 1901ರಲ್ಲಿ ಮೊದಲು ಬಂದರು. 1924ರಲ್ಲಿ ಮಿಷನ್ ಮುಚ್ಚಿಯೇ ಹೋಯಿತು. ಅಷ್ಟು ವರ್ಷಕ್ಕೆ ಸೇರಿದವರು ಇನ್ನೂರು ಜನವೂ ಇಲ್ಲ. ಯುದ್ಧ ಮುಗಿದ ಮೇಲೆ 1948ರಲ್ಲಿ ಮತ್ತೆ ತೆರೆದರು.

ನಮ್ಮ ಹುಡುಗ ಬಂದದ್ದು ಅಮೆರಿಕದ ಪಶ್ಚಿಮದ ಒಂದು ಸಣ್ಣ ಊರಿನಿಂದ. ಅಪ್ಪ ಈ ಸೇವೆ ಮಾಡಿದವರು, ಅಣ್ಣನೂ ಮಾಡಿದವನು. ಅಣ್ಣ ಹೋಗಿದ್ದು ದಕ್ಷಿಣ ಅಮೆರಿಕಕ್ಕೆ. ಅಲ್ಲಿ ಜನ ಬಾಗಿಲು ತೆಗೆಯುತ್ತಾರೆ, ಒಳಗೆ ಕರೆದು ಕೂರಿಸುತ್ತಾರೆ. ಅವನು ಇಪ್ಪತ್ತಕ್ಕೂ ಜಾಸ್ತಿ ಜನರಿಗೆ ಪಂಥಕ್ಕೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಮಾಡಿಸಿ ಬಂದಿದ್ದ. ಅವರೆಲ್ಲರ ಜೊತೆ ಬಿಳಿ ಬಟ್ಟೆಯಲ್ಲಿ ನಿಂತು ತೆಗೆಸಿಕೊಂಡ ಫೋಟೋ ಮನೆಯ ಹಜಾರದಲ್ಲಿ ಸಾಲಾಗಿ ನೇತಾಡುತ್ತಿದ್ದವು. ಹುಡುಗ ಅವನ್ನು ನೋಡುತ್ತಲೇ ಬೆಳೆದ.

ಕತೆ ನಡೆಯುವ ಹೊತ್ತಿಗೆ ಅವನು ಬಂದು ಹತ್ತು ತಿಂಗಳಾಗಿತ್ತು. ಹಿಮ ಜಾಸ್ತಿ ಬೀಳುವ ಕಡೆಯ ಒಂದು ಊರು, ಚಳಿಗಾಲದ ನಡುಮಧ್ಯ. ಆಗಷ್ಟೇ ಅವನನ್ನು ಜೋಡಿಯಲ್ಲಿ ಹಿರಿಯನನ್ನಾಗಿ ಮಾಡಿದ್ದರು. ಕಿರಿಯನಾಗಿ ಬಂದವನು ಜಪಾನಿ ಹುಡುಗ, ಸೇವೆಗೆ ಸೇರಿ ಮೂರು ತಿಂಗಳಾದವನು. ಅಂದರೆ ಮಾತು ಬಲ್ಲವನು ಕಿರಿಯ, ತಡವರಿಸುವವನು ಹಿರಿಯ. ಜಪಾನಿನಲ್ಲಿ ಹಿರಿಯನ ತಪ್ಪನ್ನು ಕಿರಿಯ ಮುಖಕ್ಕೆ ಹೇಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾನುವಾರ ರಾತ್ರಿ

ವಾರದ ಲೆಕ್ಕ ಫೋನಿನಲ್ಲಿ ತುಂಬಿ ಕಳಿಸಬೇಕು. ಎಷ್ಟು ಜನರ ಜೊತೆ ಕೂತು ಧರ್ಮದ ಪಾಠ ಆಯಿತು, ಎಷ್ಟು ಜನ ಚರ್ಚಿಗೆ ಬಂದರು, ಹೀಗೆ. ಅದರ ಹಿಂದಿನ ಮೂರು ವಾರ ಇವರ ಲೆಕ್ಕ ಸೊನ್ನೆ, ಸೊನ್ನೆ, ಸೊನ್ನೆ. ಈ ವಾರ ಒಂದು.

ಆ ವಾರ ಅವರು ಮೂರು ದಿನ ಒಂದೇ ಬಡಾವಣೆ ಸುತ್ತಿದ್ದರು. ಡೈರಿಯಲ್ಲಿ ಒಂದು ಸಂಜೆಯ ಲೆಕ್ಕ ಹೀಗಿದೆ: 47 ಕರೆಗಂಟೆ, 9 ದನಿ, 0 ಬಾಗಿಲು. ಇಲ್ಲಿನ ಮನೆಗಳಲ್ಲಿ ಕರೆಗಂಟೆಯ ಜೊತೆ ಕ್ಯಾಮೆರಾ ಇರುತ್ತದೆ. ಒಳಗಿನವರು ನಿಮ್ಮನ್ನು ನೋಡುತ್ತಾರೆ, ನಿಮಗೆ ಅವರು ಕಾಣುವುದಿಲ್ಲ. 'ದೈಜೋಬು ದೆಸು' ಅಂತ ಒಂದು ಮೆತ್ತಗಿನ ದನಿ, ಆಮೇಲೆ 'ಪುಟ್' ಅಂತ ಸದ್ದು, ಮುಗಿಯಿತು. 'ಪರವಾಗಿಲ್ಲ, ನಮಗೆ ಬೇಡ' ಅನ್ನುವ ಅರ್ಥ. ಯಾರೂ ಬೈಯುವುದಿಲ್ಲ. "ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು" ಅಂದ ಹುಡುಗ ನನ್ನ ಹತ್ತಿರ.

ಆ 'ಒಂದು' ಒಬ್ಬ ನಿವೃತ್ತ ರೈಲ್ವೆ ನೌಕರ. ಚರ್ಚಿನಲ್ಲಿ ಇವರು ನಡೆಸುವ ಪುಕ್ಕಟೆ ಇಂಗ್ಲಿಷ್ ತರಗತಿಗೆ ಬರುವ ಮುದುಕ. ಮನೆಗೆ ಕರೆದಿದ್ದ, ಅರ್ಧ ಗಂಟೆ ಕೂತು ಕೇಳಿದ್ದ. ಅದು ನಿಜವಾದ ಪಾಠ. ಇನ್ನು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ವಿದ್ಯಾರ್ಥಿ ನಾಲ್ಕು ನಿಮಿಷ ಮಾತಾಡಿದ್ದ. ಒಬ್ಬ ಹೆಂಗಸು ಕರಪತ್ರವನ್ನು ಎರಡೂ ಕೈಯಲ್ಲಿ ತಗೊಂಡಿದ್ದಳು. ಇವು ಪಾಠ ಅಲ್ಲ ಅಂತ ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು.

ಫೋನಿನಲ್ಲಿ ಮೊದಲು 1 ಅಂತ ಒತ್ತಿದ. ಅಳಿಸಿದ. 3 ಅಂತ ಒತ್ತಿದ. ಕಳಿಸಿದ.

ಜೊತೆಗಾರ ಪಕ್ಕದಲ್ಲೇ ಕೂತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅವನಿಗೆ ಪರದೆ ಕಂಡಿತ್ತು. ಇಸ್ತ್ರಿ ನಿಲ್ಲಲಿಲ್ಲ.

ಸೋಮವಾರ

ಸೋಮವಾರ ಇವರಿಗೆ ಬಿಡುವಿನ ದಿನ. ಬಟ್ಟೆ ಒಗೆಯುವುದು, ದಿನಸಿ ತರುವುದು, ಮನೆಗೆ ಫೋನು, ಎಲ್ಲ ಅವತ್ತೇ. ಸಂಜೆ ಆರಕ್ಕೆ ಮತ್ತೆ ಕೆಲಸ ಶುರು. 2019ರ ಫೆಬ್ರವರಿಗೆ ಮೊದಲು ಮನೆಗೆ ಫೋನು ಅಂದರೆ ಕ್ರಿಸ್‌ಮಸ್ಸಿಗೆ ಒಂದು, ತಾಯಂದಿರ ದಿನಕ್ಕೆ ಒಂದು, ಅಷ್ಟೇ. ಈಗ ವಾರಕ್ಕೊಮ್ಮೆ ವಿಡಿಯೋದಲ್ಲೇ ಮಾತಾಡಬಹುದು. ಜಪಾನಿನಲ್ಲಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಅಂದರೆ ಅವನ ಊರಲ್ಲಿ ಭಾನುವಾರ ಸಂಜೆ. ಇಡೀ ಮನೆ ಊಟಕ್ಕೆ ಸೇರಿರುತ್ತದೆ. ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ಮೇಜಿನ ನಡುವೆ ಇಟ್ಟಿರುತ್ತಾರೆ.

ವಾರಕ್ಕೊಂದು ಕರೆ ಬಂದದ್ದು ಒಳ್ಳೆಯದೇ. ಆದರೆ ವಾರಕ್ಕೊಮ್ಮೆ ಮುಖ ತೋರಿಸಬೇಕು ಅಂದರೆ ವಾರಕ್ಕೊಮ್ಮೆ ಮುಖ ತಯಾರು ಮಾಡಬೇಕು. ಕರೆಗೆ ಮುಂಚೆ ಅವನು ಐದು ನಿಮಿಷ ತಣ್ಣೀರಲ್ಲಿ ಮುಖ ತೊಳೆದುಕೊಳ್ಳುತ್ತಿದ್ದ. ಅಮ್ಮ ಕೇಳಿದರು, "ವಾರ ಹೇಗಿತ್ತಪ್ಪಾ?" ಇವನು, "ಚೆನ್ನಾಗಿತ್ತು. ಮೂರು ಪಾಠ ಆಯ್ತು." ಮೇಜಿನ ಆ ತುದಿಯಿಂದ ಅಣ್ಣ ಕೂಗಿದ, "ಭೇಷ್, ಶುರುವಾಯ್ತು ನೋಡು!"

ಹೀಗೆ ಒಂದು ಸುಳ್ಳು ಹನ್ನೆರಡು ಗಂಟೆಯೊಳಗೆ ಎರಡು ಕಡೆ ಕೂತಿತು. ಅವತ್ತೇ ಮಿಷನ್ ಅಧ್ಯಕ್ಷರಿಗೆ ವಾರದ ಪತ್ರವನ್ನೂ ಬರೆಯಬೇಕು. ಅದರಲ್ಲೂ ಚೆನ್ನಾಗಿದ್ದೇನೆ ಅಂತ ಬರೆದ.

ಮಧ್ಯಾಹ್ನ ಜೊತೆಗಾರ ಕರಿ ಅನ್ನ ಮಾಡಿದ. ಜಪಾನಿನ ಕರಿಗೂ ನಮ್ಮ ಹುಳಿಗೂ ಸಂಬಂಧ ಹುಡುಕಬೇಡಿ. ಗಟ್ಟಿಯಾಗಿ, ಸಿಹಿಸಿಹಿಯಾಗಿ ಇರುತ್ತದೆ. ಹುಡುಗ ನಾಲ್ಕು ತುತ್ತು ತಿಂದು ಎದ್ದ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಎರಡು ಕೋಣೆಯ ಮನೆ, ಗೋಡೆ ತೆಳು. ಅಳುವುದು ಕೇಳಬಾರದು ಅಂತ ನಲ್ಲಿ ಬಿಟ್ಟಿದ್ದು. ಜೊತೆಗಾರನಿಗೆ ಎರಡೂ ಕೇಳುತ್ತಿತ್ತು.

ಮಂಗಳವಾರ

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವ ದಿನ ಇದು.

ಸುತ್ತಮುತ್ತಲ ಊರಿನ ನಾಲ್ಕು ಜೋಡಿ ವಾರಕ್ಕೊಮ್ಮೆ ಸೇರುತ್ತಾರೆ. ಇವರಿಬ್ಬರೂ ರೈಲಿನಲ್ಲಿ ಒಂದು ಗಂಟೆ ಹೋಗಬೇಕು. ತಂಡದ ನಾಯಕ ಅಂದರೆ ಅವನೂ ಇಪ್ಪತ್ತರ ಹುಡುಗನೇ. ಒಳ್ಳೆಯವನು, ಉತ್ಸಾಹದವನು. ಹಾಡು, ಪ್ರಾರ್ಥನೆ ಮುಗಿದ ಮೇಲೆ ಅವನು ಹೇಳಿದ, "ಸೊನ್ನೆಯಿಂದ ಮೂರಕ್ಕೆ ಏರಿದವರು ನಮ್ಮ ನಡುವೆ ಇದ್ದಾರೆ. ಹೇಗೆ ಮಾಡಿದಿರಿ ಅಂತ ಎಲ್ಲರಿಗೂ ಹೇಳಿ."

ಹುಡುಗ ಎದ್ದು ನಿಂತ. ಏಳು ಜನ ನೋಡುತ್ತಿದ್ದರು. ಅವರಲ್ಲಿ ಒಬ್ಬಳು ಹುಡುಗಿ ಪೆನ್ನು ತೆರೆದು ಬರೆದುಕೊಳ್ಳಲು ಕಾಯುತ್ತಿದ್ದಳು. ಅವನು ಹೇಳಿದ್ದು, "ನಾವು ಸುಮ್ನೆ ಬಿಡದೆ ಪ್ರಯತ್ನ ಮಾಡಿದ್ವಿ." ಅವಳು ಅದನ್ನು ಬರೆದುಕೊಂಡಳು.

ನಾಯಕನ ತಪ್ಪು ಏನು? ಅವನು ಮೆಚ್ಚಿದ್ದು ತಪ್ಪಲ್ಲ. ಆದರೆ ಹಿಂದಿನ ಮೂರು ಮಂಗಳವಾರವೂ ಅವನು ಈ ಹುಡುಗನನ್ನು ಪ್ರಶ್ನೆ ಕೇಳಿದ್ದ. ಯಾವ ಬಡಾವಣೆ, ಯಾವ ಹೊತ್ತು, ಪ್ಲಾನು ಏನು, ಪ್ರಾರ್ಥನೆ ಸಾಲದೇ ಹೋಯಿತೇ ಅಂತ. ಮೂರು ಅಂತ ಬಂದ ವಾರ ಒಂದೂ ಪ್ರಶ್ನೆ ಇಲ್ಲ. ಸೊನ್ನೆ ತಂದವನಿಗೆ ವಿಚಾರಣೆ, ಮೂರು ತಂದವನಿಗೆ ಚಪ್ಪಾಳೆ. ಆ ಮೂವರು ಯಾರು ಅಂತ ಮೆಲ್ಲಗೆ ಒಂದು ಮಾತು ಕೇಳಿದ್ದರೆ ವಿಷಯ ಅಲ್ಲೇ ಬಿಚ್ಚಿಕೊಳ್ಳುತ್ತಿತ್ತೋ ಏನೋ. ಲೆಕ್ಕ ಕೇಳುವ ಎಲ್ಲ ಕಡೆಯಲ್ಲೂ ನಾನು ಇದನ್ನು ನೋಡಿದ್ದೇನೆ. ಕೆಟ್ಟ ಅಂಕಿಯನ್ನು ಎಲ್ಲರೂ ಕೆದಕುತ್ತಾರೆ. ಒಳ್ಳೆಯ ಅಂಕಿಯನ್ನು ಕೆದಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಈ ಪಂಥಕ್ಕೆ ಇದರ ಹಳೇ ನೆನಪು ಇದೆ. 1960ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹುಡುಗರನ್ನು ಬೇಸ್‌ಬಾಲ್ ಆಡಲು ಕರೆದು, ಆಟದ ಜೊತೆಗೇ ದೀಕ್ಷಾಸ್ನಾನವನ್ನೂ ಮುಗಿಸಿಬಿಡುತ್ತಿದ್ದರು. ಎಷ್ಟೋ ಮಕ್ಕಳಿಗೆ ತಾವು ಯಾವುದಕ್ಕೆ ಸೇರಿದೆವು ಅನ್ನುವುದೇ ಗೊತ್ತಿರಲಿಲ್ಲ. 'ಬೇಸ್‌ಬಾಲ್ ದೀಕ್ಷೆ' ಅನ್ನುವ ಹೆಸರು ಹಾಗೆ ಬಂತು. 1980ರ ಆಸುಪಾಸಿನಲ್ಲಿ ಟೋಕಿಯೊದ ಕಡೆಯೂ ತರಾತುರಿಯ ದೀಕ್ಷೆಗಳು ರಾಶಿ ರಾಶಿ ಆದವು. ಅವರಲ್ಲಿ ಬಹಳಷ್ಟು ಜನ ಮತ್ತೆ ಚರ್ಚಿನ ಕಡೆ ತಲೆ ಹಾಕಲಿಲ್ಲ. ಆ ಹುಡುಗರೆಲ್ಲ ಸುಳ್ಳರಾಗಿರಲಿಲ್ಲ. ಮೇಲಿನವರು ಏನನ್ನು ಎಣಿಸುತ್ತಿದ್ದರೋ ಅದನ್ನೇ ಅವರು ಹೆಚ್ಚಾಗಿ ಕೊಟ್ಟರು.

ವಾಪಸ್ ಬರುವಾಗ ರೈಲಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಬುಧವಾರ

ಬೆಳಿಗ್ಗೆಯಿಂದ ಹಿಮ. ಮಧ್ಯಾಹ್ನ ಹುಡುಗ ಒಂದು ಬೀದಿಯ ತುದಿಯಲ್ಲಿ ನಿಂತವನು ಮುಂದೆ ಹೋಗಲಿಲ್ಲ. ಮೊದಲ ಮನೆಯ ಕರೆಗಂಟೆ ಹತ್ತು ಹೆಜ್ಜೆ ದೂರದಲ್ಲಿತ್ತು. "ಕೈ ಮೇಲೇಳಲಿಲ್ಲ" ಅಂತ ಮಾತ್ರ ಡೈರಿಯಲ್ಲಿದೆ. ಜೊತೆಗಾರ ತಾನೇ ಮುಂದೆ ಹೋಗಿ ಗಂಟೆ ಒತ್ತಿದ. ಯಾರೂ ಬರಲಿಲ್ಲ. ಬೀದಿ ಪೂರ್ತಿ ಅವನೇ ಒತ್ತಿದ.

ಸಂಜೆ ಇಂಗ್ಲಿಷ್ ತರಗತಿ. ಏಳು ಜನ ಬಂದಿದ್ದರು. ವಾರದಲ್ಲಿ ಅವನು ಉಸಿರಾಡುತ್ತಿದ್ದ ಒಂದೇ ಹೊತ್ತು ಅದು. ಅಲ್ಲಿ ತಡವರಿಸುವ ಸರದಿ ಬೇರೆಯವರದ್ದು. ರೈಲ್ವೆಯ ಮುದುಕ ಚೀಲದ ತುಂಬ ಕಿತ್ತಳೆ ತಂದಿದ್ದ. ಅವತ್ತಿನ ಪಾಠ ಹವಾಮಾನದ ಬಗ್ಗೆ. ಮುದುಕ ಎದ್ದು ನಿಂತು, ಒಂದೊಂದೇ ಪದ ಜೋಡಿಸಿ, ಶನಿವಾರ ಹಿಮ ಜಾಸ್ತಿ ಬೀಳುತ್ತದೆ, ನನ್ನ ಬೆನ್ನು ಚೆನ್ನಾಗಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ಅದು ವ್ಯಾಕರಣದ ಅಭ್ಯಾಸವೋ ಸಹಾಯ ಕೇಳಿದ್ದೋ ಯಾರಿಗೂ ಗೊತ್ತಾಗಲಿಲ್ಲ. ಜೊತೆಗಾರ ಮಾತ್ರ ಶನಿವಾರದ ಪುಟದಲ್ಲಿ ಗುರುತು ಮಾಡಿಕೊಂಡ.

ಗುರುವಾರ, ಕತೆ ತಿರುಗಿದ್ದು ಇಲ್ಲಿ

ಗುರುವಾರ ಇವರು ಮುಂದಿನ ವಾರದ ಪ್ಲಾನು ಹಾಕಲು ಕೂರುತ್ತಾರೆ. ಕೊನೆಗೆ ಜೋಡಿಯಲ್ಲಿ ಒಬ್ಬರಿಗೊಬ್ಬರು ಏನು ಸರಿ, ಏನು ಸರಿಯಿಲ್ಲ ಅಂತ ಬಿಚ್ಚಿ ಹೇಳುವ ಪದ್ಧತಿಯೂ ಇದೆ. ಕಾಗದದ ಮೇಲೆ ಚೆಂದದ ಪದ್ಧತಿ. ಆದರೆ ಕಿರಿಯ ಜಪಾನಿ ಹುಡುಗ ಹಿರಿಯನಿಗೆ ನೀವು ಸುಳ್ಳು ಬರೆದಿರಿ ಅಂತ ಹೇಳುತ್ತಾನೆಯೇ?

ಅವನ ಮುಂದೆ ಮೂರು ದಾರಿ ಇದ್ದವು. ಸುಮ್ಮನಿರುವುದು ಒಂದು, ಭಾನುವಾರದಿಂದ ಅವನು ಮಾಡಿದ್ದು ಅದೇ. ತಂಡದ ನಾಯಕನಿಗೆ ಹೇಳುವುದು ಇನ್ನೊಂದು. ಅದಕ್ಕೆ ನಿಯಮದ ಬೆಂಬಲವೂ ಇತ್ತು. ಮೂರನೆಯದು ಮುಖಕ್ಕೇ ಕೇಳುವುದು. ಅವನು ಮೂರನ್ನೂ ಬಿಟ್ಟ.

ಚಾಪೆಯ ಮೇಲೆ ಪ್ಲಾನಿನ ಪುಸ್ತಕ ಬಿಡಿಸಿಟ್ಟು ಕೇಳಿದ, "ಹೋದ ವಾರದ ಆ ಮೂವರಲ್ಲಿ ಈ ವಾರ ಮೊದಲು ಯಾರನ್ನು ನೋಡೋಣ?"

ಅಷ್ಟೇ. ಬೈಗುಳ ಇಲ್ಲ, ಅನುಮಾನ ಇಲ್ಲ. ಯಾವ ಗುರುವಾರ ಬೇಕಾದರೂ ಕೇಳಬಹುದಾದ ಪ್ರಶ್ನೆ.

ಹುಡುಗ ಮೊದಲು ಮುದುಕನ ಹೆಸರು ಬರೆದ. ಆಮೇಲೆ ಪೆನ್ನು ನಿಂತಿತು. ವಿದ್ಯಾರ್ಥಿಯ ಹೆಸರು ಗೊತ್ತಿಲ್ಲ. ಹೆಂಗಸಿನ ಮನೆ ಯಾವುದು ಅಂತಲೂ ನೆನಪಿಲ್ಲ. ಎರಡು ಗೆರೆ ಖಾಲಿ ಉಳಿದವು. "ಇಬ್ಬರು ಇಲ್ಲ" ಅಂದ. ಮೊದಲು ಜಪಾನಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಆಮೇಲೆ ಉಳಿದದ್ದೆಲ್ಲ ಹೊರಗೆ ಬಂತು. ಮೂರು ವಾರದಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು, ಊಟ ಸೇರದಿರುವುದು, ಕರೆಗಂಟೆ ಕಂಡರೆ ಹೊಟ್ಟೆ ತೊಳಸುವುದು, ಹಜಾರದ ಫೋಟೋಗಳು.

ಜೊತೆಗಾರ ಏನು ಹೇಳಿದ? "ಗೊತ್ತು" ಅಂದನಂತೆ. ಹೆಚ್ಚು ಪ್ರಾರ್ಥನೆ ಮಾಡಿ, ಗಟ್ಟಿಯಾಗಿರಿ ಅನ್ನಲಿಲ್ಲ. ಆ ಮಾತನ್ನು ಆ ತಿಂಗಳು ಹುಡುಗ ಬೇಕಾದಷ್ಟು ಕೇಳಿದ್ದ. ಕೇಳಿದಾಗಲೆಲ್ಲ, ಹಾಗಾದರೆ ನನ್ನ ಪ್ರಾರ್ಥನೆಯಲ್ಲೇ ಕೊರತೆ ಅಂತ ಇನ್ನಷ್ಟು ಕುಗ್ಗಿದ್ದ.

ಇಬ್ಬರ ಮಾತು ಹೊಂದದ ಜಾಗ ಇದೇ. ಜೊತೆಗಾರ ಏನೂ ಗೊತ್ತಿಲ್ಲದೆ ಮುಗ್ಧವಾಗಿ ಕೇಳಿದ, ದೇವರೇ ಅವನ ಬಾಯಲ್ಲಿ ಕೇಳಿಸಿದ ಅಂತ ಹುಡುಗ ಈಗಲೂ ನಂಬುತ್ತಾನೆ. ಜೊತೆಗಾರನನ್ನು ಕೇಳಿದರೆ ಅವನು ನಕ್ಕ. ಆ ಪ್ರಶ್ನೆಯನ್ನು ಮಂಗಳವಾರದ ರೈಲಿನಿಂದ ಎರಡು ದಿನ ಮನಸ್ಸಿನಲ್ಲಿ ತಿದ್ದಿ ತಿದ್ದಿ ಜೋಡಿಸಿದ್ದನಂತೆ. 'ಆ ಮೂವರು' ಅನ್ನಬೇಕೋ 'ಹೋದ ವಾರದವರು' ಅನ್ನಬೇಕೋ ಅಂತ ಕೂಡ ಯೋಚಿಸಿದ್ದನಂತೆ. ಅದನ್ನು ಅವನು ಹುಡುಗನಿಗೆ ಇವತ್ತಿನವರೆಗೂ ಹೇಳಿಲ್ಲ. ಬರೆಯಲು ಮಾತ್ರ ಒಪ್ಪಿದ. ಹುಡುಗ ಕನ್ನಡ ಓದುವುದಿಲ್ಲವಲ್ಲ ಅಂದ.

ಈ ಕತೆ ಹೇಳಿ ನಾನು ನಡೆಸುವ ತರಬೇತಿಗಳಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಈ ಪ್ರಶ್ನೆಯ ಹತ್ತಿರ. ಅದು 'ಎಷ್ಟು' ಅಂತ ಕೇಳಲಿಲ್ಲ, 'ಯಾರು' ಅಂತ ಕೇಳಿತು. ಎಷ್ಟು ಅನ್ನುವುದಕ್ಕೆ ಸುಳ್ಳು ಹೇಳುವುದು ಸುಲಭ. ಯಾರು ಅನ್ನುವುದಕ್ಕೆ ಹೆಸರು ಬೇಕು, ಮುಖ ಬೇಕು. ಜೊತೆಗೆ ಈ ಪ್ರಶ್ನೆ ಮರ್ಯಾದೆಯನ್ನೂ ಉಳಿಸಿತು. ಹುಡುಗನಿಗೆ ಬೇಕೆಂದಿದ್ದರೆ ಆಗಲೂ ಜಾರಿಕೊಳ್ಳಬಹುದಿತ್ತು. ಅವನು ಜಾರಿಕೊಳ್ಳಲಿಲ್ಲ ಅನ್ನುವುದು ಅವನ ಪಾಲಿನ ನಿರ್ಧಾರ. ಅದನ್ನು ಜೊತೆಗಾರನ ಲೆಕ್ಕಕ್ಕೆ ಹಾಕಬಾರದು.

ಶುಕ್ರವಾರ

ಸೋಮವಾರದ ಪತ್ರದವರೆಗೆ ಕಾಯುವುದೋ, ಈಗಲೇ ಫೋನು ಮಾಡುವುದೋ? ಕಾದರೆ ಮತ್ತೆ ಮುಖ ತಯಾರಾಗುತ್ತದೆ ಅಂತ ಹುಡುಗನಿಗೇ ಅನ್ನಿಸಿತು. ಬೆಳಿಗ್ಗೆ ಒಂಬತ್ತಕ್ಕೆ ಮಿಷನ್ ಅಧ್ಯಕ್ಷರಿಗೆ ಫೋನು ಮಾಡಿದ. ಈ ಅಧ್ಯಕ್ಷರು ಪಾದ್ರಿಗಳಲ್ಲ. ಸಾಮಾನ್ಯವಾಗಿ ತಮ್ಮ ಕೆಲಸ, ವ್ಯವಹಾರ ಬಿಟ್ಟು ಹೆಂಡತಿಯ ಜೊತೆ ಮೂರು ವರ್ಷಕ್ಕೆ ಬಂದಿರುವವರು.

ಹುಡುಗ ಒಂದೇ ಉಸಿರಿಗೆ ಎಲ್ಲ ಹೇಳಿದ. ಅವರು ಮೊದಲು ಕೇಳಿದ್ದು, "ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದೆ?" ಆಮೇಲೆ, "ಇವತ್ತು ಏನು ತಿಂದೆ?" ಆಮೇಲೆ ಇನ್ನೊಂದು ಪ್ರಶ್ನೆಯನ್ನು ನೇರವಾಗಿ ಕೇಳಿದರು, ಬದುಕೇ ಬೇಡ ಅಂತ ಯಾವಾಗಲಾದರೂ ಅನ್ನಿಸಿದೆಯಾ ಅಂತ. ಇಲ್ಲ ಅಂದ. ಅದು ನಿಜ ಅಂತ ಡೈರಿಯೂ ಹೇಳುತ್ತದೆ. ಹೀಗೆ ನೇರವಾಗಿ ಕೇಳಿದರೆ ಅಂಥ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅಂತ ಹೆದರುವವರು ಇದ್ದಾರೆ. ಹಾಗೇನೂ ಆಗುವುದಿಲ್ಲ. ಕೇಳಬೇಕು.

ಆಮೇಲೆ ಅವರ ಹೆಂಡತಿ ಫೋನು ತಗೊಂಡು ಊಟ, ಹೊಟ್ಟೆನೋವಿನ ವಿಚಾರ ಮಾತಾಡಿದರು. ಮಿಷನ್‌ಗಳಿಗೆ ಸಲಹೆ ಕೊಡುವ ಆಪ್ತ ಸಮಾಲೋಚಕರ ಜೊತೆ ಮಾತಿಗೆ ದಿನ ಗೊತ್ತು ಮಾಡಿದರು. ಮನೆಗೆ ಹೋಗುವ ದಾರಿ ತೆರೆದೇ ಇದೆ, ಅದು ಅವಮಾನ ಅಲ್ಲ ಅಂತಲೂ ಹೇಳಿದರು. ಮಾತೇನೋ ಸರಿ. ಆದರೆ ಅವಧಿಗೆ ಮುಂಚೆ ಮನೆಗೆ ಮರಳಿದ ಹುಡುಗರನ್ನು ಊರು ಹೇಗೆ ನೋಡುತ್ತದೆ ಅಂತ ಹುಡುಗನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇರುತ್ತೇನೆ ಅಂದ ಅವನು. ಆರು ವಾರ ನೋಡೋಣ, ಆಮೇಲೆ ಮತ್ತೆ ಕೇಳುತ್ತೇನೆ ಅಂದರು ಅವರು.

ಸುಳ್ಳಿನ ವಿಚಾರ ಬಂದದ್ದು ಕೊನೆಗೆ. ಹುಡುಗ ಮುಂದಿನ ಮಂಗಳವಾರ ಎಲ್ಲರ ಎದುರು ನಿಂತು ತಪ್ಪೊಪ್ಪಿಕೊಳ್ಳುತ್ತೇನೆ ಅಂದ. ಬೇಡ ಅಂದರು. ಅಂಕಿ ತಿದ್ದು, ನಾಯಕನಿಗೆ ನೀನೇ ಹೇಳು, ಅಷ್ಟು ಸಾಕು. ಇದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ಎಲ್ಲರ ಎದುರು ತಪ್ಪೊಪ್ಪಿಕೊಂಡರೆ ಅದೂ ಒಂದು ಪ್ರದರ್ಶನ ಆಗುತ್ತದೆ. ಈ ಹುಡುಗನಿಗೆ ಪ್ರದರ್ಶನದಿಂದ ಬಿಡುಗಡೆ ಬೇಕಿತ್ತು. ಒಂದು ಕೆಲಸ ಮಾತ್ರ ಅಧ್ಯಕ್ಷರು ಮಾಡಲಿಲ್ಲ. ಆ ಲೆಕ್ಕ ಕೇಳುವ ರೀತಿಯನ್ನು ಮುಟ್ಟಲಿಲ್ಲ. ಮುಂದಿನ ವಾರವೂ ಅದೇ ಖಾನೆ, ಅದೇ ಚಪ್ಪಾಳೆ.

ಫೋನಿಟ್ಟ ಮೇಲೆ ಇಬ್ಬರೂ ಹೊರಗೆ ಬಂದರು. ಬೀದಿ ಮೂಲೆಯಲ್ಲಿ ಡಬ್ಬಿ ಮಾರುವ ಯಂತ್ರ. ಬಿಸಿ ಡಬ್ಬಿಗಳಲ್ಲಿ ಮುಕ್ಕಾಲು ಪಾಲು ಕಾಫಿ, ಟೀ. ಇವರಿಗೆ ಆಗುವುದು ಮೆಕ್ಕೆಜೋಳದ ಸೂಪು ಒಂದೇ. ಎರಡು ತಗೊಂಡರು. ಕೈಗವಸು ತೆಗೆದು ಡಬ್ಬಿಯನ್ನು ಅಂಗೈಯಲ್ಲಿ ಉರುಳಿಸುತ್ತಾ ನಿಂತರು. ಈ ಸೂಪಿನ ತಾಪತ್ರಯ ಇಲ್ಲಿ ಇರುವವರಿಗೆಲ್ಲ ಗೊತ್ತು. ಕುಡಿದು ಮುಗಿದ ಮೇಲೆ ನಾಲ್ಕೈದು ಜೋಳದ ಕಾಳು ತಳದಲ್ಲಿ ಅಂಟಿಕೊಂಡಿರುತ್ತವೆ. ಡಬ್ಬಿ ಬೋರಲು ಹಾಕಿ, ತಲೆ ಹಿಂದಕ್ಕೆ ಬಗ್ಗಿಸಿ, ತಳಕ್ಕೆ ತಟ್ಟಬೇಕು. ಟೈ ಕಟ್ಟಿದ ಇಬ್ಬರು ಹಿರೀಕರು ಆಕಾಶ ನೋಡಿಕೊಂಡು ಡಬ್ಬಿ ತಟ್ಟುತ್ತಿದ್ದರು. ಆ ವಾರ ಮೊದಲ ಸಲ ನಕ್ಕಿದ್ದು ಆಗ ಅಂತ ಡೈರಿಯಲ್ಲಿದೆ.

ಶನಿವಾರ, ಭಾನುವಾರ

ಮುದುಕ ಹೇಳಿದ ಹಾಗೆ ಹಿಮ ಬಿತ್ತು, ಮೊಣಕಾಲಿನವರೆಗೆ. ಕರೆಗಂಟೆ ಬೇಡ ಅಂತ ಪ್ಲಾನು ಬದಲಿಸಿ ಇಬ್ಬರೂ ಸಲಿಕೆ ಹಿಡಿದು ಅವನ ಮನೆಗೆ ಹೋದರು. ಎರಡೂವರೆ ಗಂಟೆ ಅಂಗಳ ಬಳಿದರು. ಮುದುಕ ಒಳಗೆ ಕರೆದು ಬಾರ್ಲಿ ನೀರು ಕೊಟ್ಟ. ಇವರು ಟೀ ಕುಡಿಯುವುದಿಲ್ಲ ಅಂತ ತಿಳಿದುಕೊಂಡು ಹುರಿದ ಬಾರ್ಲಿ ತರಿಸಿಟ್ಟಿದ್ದ. ಕೋಣೆಯ ಮೂಲೆಯಲ್ಲಿ ಸತ್ತ ಹೆಂಡತಿಯ ಫೋಟೋ ಇಟ್ಟ ಬುದ್ಧನ ಪೂಜೆಯ ಗೂಡು. ಮುಂದೆ ಒಂದು ಸಣ್ಣ ಬಟ್ಟಲಿನಲ್ಲಿ ಆಗಷ್ಟೇ ಇಟ್ಟ ಅನ್ನ.

ಅವನು ಆ ಕಡೆ ಕೈ ತೋರಿಸಿ ಹೇಳಿದ, "ನಾನು ನಿಮ್ಮ ಚರ್ಚಿಗೆ ಸೇರುವುದಿಲ್ಲ. ಇವಳಿಗೆ ದಿನಾ ಅನ್ನ ಇಡಬೇಕು. ನಿಮಗೆ ತೊಂದರೆ ಇಲ್ಲದಿದ್ದರೆ ಬರುತ್ತಾ ಇರಿ. ಮನೆಯಲ್ಲಿ ಮಾತು ಇರುವುದಿಲ್ಲ."

ಹೀಗೆ ಆ ಒಂದೂ ಹೋಯಿತು. ಹುಡುಗ ಏನು ಹೇಳಬೇಕು ಅಂತ ತಿಳಿಯದೆ, ಪಾಠದ ಪುಸ್ತಕ ಚೀಲದಿಂದ ತೆಗೆಯದೆ, ಇನ್ನೊಂದು ಲೋಟ ಬಾರ್ಲಿ ನೀರು ಕುಡಿದ. ಮುದುಕ ಹಳೆಯ ಉಗಿಬಂಡಿಯ ಕತೆ ಹೇಳಿದ. ಜೊತೆಗಾರ ಅಲ್ಲಲ್ಲಿ ಅನುವಾದ ಮಾಡಿದ.

ಭಾನುವಾರ ಚರ್ಚಿನಲ್ಲಿ ಮೂವತ್ತು ಚಿಲ್ಲರೆ ಜನ. ರೊಟ್ಟಿ, ನೀರು, ಹಾಡು. ಸಂಜೆ ಅವನು ತಂಡದ ನಾಯಕನಿಗೆ ಫೋನು ಮಾಡಿದ. ಅವನು ಸಮಾಧಾನ ಮಾಡುತ್ತಾನೆ ಅಂದುಕೊಂಡಿದ್ದ. ಆಗಲಿಲ್ಲ. "ನಾನು ಮೇಲಿನವರಿಗೆ ನಿಮ್ಮ ವಿಷಯ ಹೇಳಿಬಿಟ್ಟಿದ್ದೇನಲ್ಲ" ಅಂತ ಅವನು ಸಿಟ್ಟಾದ. ಮೂರು ಅನ್ನುವ ಸುದ್ದಿ ಆಗಲೇ ಇನ್ನೊಂದು ಮೆಟ್ಟಿಲು ಹತ್ತಿತ್ತು. ಅವನೂ ಅಲ್ಲಿ ತನ್ನ ಮುಖ ಕೆಡಿಸಿಕೊಂಡು ಅದನ್ನು ಇಳಿಸಬೇಕಾಯಿತು. ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ರಾತ್ರಿ ಹಳೇ ವಾರದ ಖಾನೆಗೆ 1, ಹೊಸ ವಾರದ ಖಾನೆಗೆ 0 ಬರೆದು ಕಳಿಸಿದ. ಹಿಮ ಬಳಿದದ್ದಕ್ಕೆ ಅಲ್ಲಿ ಖಾನೆ ಇರಲಿಲ್ಲ.

ಆಮೇಲೆ

ಆರು ವಾರಕ್ಕೆ ಜೊತೆಗಾರ ಬೇರೆ ಊರಿಗೆ ಹೋದ. ಹುಡುಗ ಉಳಿದ. ಸಮಾಲೋಚಕರ ಜೊತೆ ಐದು ಸಲ ಮಾತಾಡಿದ. ನಿದ್ದೆ ನಿಧಾನವಾಗಿ ಮರಳಿತು. ವಸಂತದಲ್ಲಿ ಇನ್ನೊಮ್ಮೆ ಕುಸಿದ, ಆಗ ತಾನೇ ಮೊದಲು ಫೋನು ಮಾಡಿದ. ಇಪ್ಪತ್ನಾಲ್ಕು ತಿಂಗಳು ಮುಗಿಸಿದ. ಅಷ್ಟು ಕಾಲದಲ್ಲಿ ಅವನ ಕೈಯಿಂದ ದೀಕ್ಷಾಸ್ನಾನ ಆದದ್ದು ಒಬ್ಬರಿಗೆ.

ಇದನ್ನು ಗೆದ್ದ ಕತೆ ಅಂತ ಬಳಸುವವರಿಗೆ ಒಂದು ಎಚ್ಚರಿಕೆ. ಇದು ಜೊತೆಗಾರನ ಅದೃಷ್ಟದ ಮೇಲೆ ನಿಂತಿತ್ತು. ಬಿಡದೆ ಜೊತೆಗಿರುವ ಅದೇ ನಿಯಮ ಅವನಿಗೆ ಅಳಲೂ ಜಾಗ ಕೊಡಲಿಲ್ಲ, ಒಬ್ಬನೇ ಮುಳುಗಲೂ ಬಿಡಲಿಲ್ಲ. ಜೊತೆಗಾರ ಬೇರೆಯವನಾಗಿದ್ದರೆ ಏನಾಗುತ್ತಿತ್ತು ಅಂತ ತರಬೇತಿಗೆ ಬಂದವರು ಕೇಳುತ್ತಾರೆ. ಬೇರೆ ಹುಡುಗರ ವಿಷಯದಲ್ಲಿ ನನಗೆ ಗೊತ್ತು, ಹೇಳುವಂತಿಲ್ಲ.

ಆ ವಾರ ಮುಗಿದ ಮರುದಿನ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಫೋನು ಉಪ್ಪಿನ ಡಬ್ಬಿಗೆ ಆನಿಸಿತ್ತು. "ವಾರ ಹೇಗಿತ್ತಪ್ಪಾ?" ಅಂದರು ಅಮ್ಮ. "ಹಿಮ ಸಿಕ್ಕಾಪಟ್ಟೆ" ಅಂದ. ಮೂರರ ವಿಷಯ ಎತ್ತಲಿಲ್ಲ. ಯಾಕೆ ಅಂತ ನಾನು ಕೇಳಿದೆ. ಎಲ್ಲರೂ ಊಟ ಮಾಡುತ್ತಿದ್ದರು ಅಂದ. ಅಮ್ಮನಿಗೆ ಗೊತ್ತಾದದ್ದು ಅವನು ಮನೆಗೆ ಹೋಗಿ ಎಂಟು ತಿಂಗಳಾದ ಮೇಲೆ, ಒಂದು ದಿನ ಇಬ್ಬರೇ ಪಾತ್ರೆ ತೊಳೆಯುತ್ತಿದ್ದಾಗ. ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಊರಿಗೆಲ್ಲ ಹೇಳಿದೆ, ನನಗೊಬ್ಬಳಿಗೆ ಹೇಳಲಿಲ್ಲ ಅಂತ ಬೈದರಂತೆ.